ಐಸ್‌ಲ್ಯಾಂಡಿನ ಕುದುರೆ: ಈ ತಳಿಯ ಗಟ್ಟಿತನ ಎಲ್ಲಿಂದ ಬಂತು, ಅದು ಯಾವ ಕೆಲಸಕ್ಕೆ ಒದಗುತ್ತದೆ?

ಎಲ್ಬೆ ತೀರದ ಕನ್ನಡಿಗ:

ಗೆಳೆಯರೇ, ಈಚೆಗೆ ಕುದುರೆ ತಳಿಗಳ ಕುರಿತು ಇಲ್ಲಿ ನಡೆದ ಮಾತುಕತೆಯಲ್ಲಿ, ಗಟ್ಟಿ ತಳಿ ಎಂದು ಯಾವುದನ್ನು ಕರೆಯಬೇಕು, ಆ ಗಟ್ಟಿತನ ಬರುವುದಾದರೂ ಎಲ್ಲಿಂದ ಎಂಬ ಪ್ರಶ್ನೆ ಅರ್ಧಕ್ಕೇ ನಿಂತುಹೋಗಿತ್ತು. ನನಗೆ ಹತ್ತಿರದಿಂದ ಪರಿಚಯವಿರುವ ಒಂದು ತಳಿಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಮುಂದುವರಿಸುತ್ತಿದ್ದೇನೆ. ನಾನು ನೆಲೆಸಿರುವುದು ಉತ್ತರ ಜರ್ಮನಿಯಲ್ಲಿ. ಐಸ್‌ಲ್ಯಾಂಡನ್ನು ಬಿಟ್ಟರೆ ಆ ದೇಶದ ಕುದುರೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಜರ್ಮನಿಯಲ್ಲೇ ಆದ್ದರಿಂದ, ಹತ್ತಿರದ ಲಾಯವೊಂದರಲ್ಲಿ ಅವುಗಳ ಮೈ ಉಜ್ಜುವುದು, ಗೊರಸು ಎತ್ತಿ ನೋಡುವುದು, ಸವಾರಿ ಮಾಡುವುದು ನನ್ನ ಬಿಡುವಿನ ದಿನಗಳ ಕೆಲಸವಾಗಿದೆ.

ಈ ತಳಿಯ ಪೂರ್ವಜರು 9ನೆಯ ಶತಮಾನದ ಕೊನೆ ಮತ್ತು 10ನೆಯ ಶತಮಾನದ ಆರಂಭದಲ್ಲಿ ನಾರ್ವೆಯಿಂದಲೂ ಬ್ರಿಟಿಷ್ ದ್ವೀಪಗಳಿಂದಲೂ ಹೊರಟ ವಲಸೆಗಾರರೊಂದಿಗೆ ಐಸ್‌ಲ್ಯಾಂಡಿಗೆ ಬಂದವು. ಮನೆಮಂದಿ, ದನಕುರಿ, ಬಿತ್ತನೆ ಕಾಳು ಎಲ್ಲವನ್ನೂ ತುಂಬಿಕೊಂಡ ತೆರೆದ ಹಡಗಿನಲ್ಲಿ ಉತ್ತರ ಅಟ್ಲಾಂಟಿಕ್ ದಾಟಬೇಕಿದ್ದಾಗ, ಕುದುರೆಗೆಂದು ಬಿಡುತ್ತಿದ್ದ ಅಷ್ಟಿಷ್ಟು ಜಾಗಕ್ಕೆ ಒಳ್ಳೆಯ ಪ್ರಾಣಿಗಳನ್ನೇ ಆಯ್ದು ಹತ್ತಿಸಿಕೊಂಡಿರಬೇಕು. 930ರಲ್ಲಿ ಥಿಂಗ್‌ವೆಟ್ಲಿರ್ ಬಯಲಿನಲ್ಲಿ ಸೇರಿದ ಆಲ್ಥಿಂಗ್ ಸಭೆಯು 982ರ ಹೊತ್ತಿಗೆ ಹೊರಗಿನ ಕುದುರೆಗಳನ್ನು ತರುವುದನ್ನು ನಿಷೇಧಿಸಿತು ಎಂದು ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಅಂದಿನ ನಿಷೇಧದ ಸ್ವರೂಪವನ್ನು ಇತಿಹಾಸಕಾರರು ಚರ್ಚಿಸಲಿ, ಇಂದಿನ ಕಾನೂನಿನಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಹೊರಗಿನ ಯಾವ ಕುದುರೆಯೂ ದ್ವೀಪದೊಳಕ್ಕೆ ಬರುವಂತಿಲ್ಲ. ಒಮ್ಮೆ ಹೊರಗೆ ಹೋದದ್ದು, ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಕುದುರೆಯೇ ಆಗಿದ್ದರೂ, ಮರಳಿ ಹುಟ್ಟೂರನ್ನು ಕಾಣುವಂತಿಲ್ಲ. ನಾವು ಬಳಸಿದ ಜೀನು, ಲಗಾಮು, ಚರ್ಮದ ಕೈಗವಸುಗಳನ್ನು ಸಹ ಅಲ್ಲಿಗೆ ಒಯ್ಯುವಂತಿಲ್ಲ. ಸವಾರಿಯ ಬಟ್ಟೆಬರೆಗಳನ್ನು ಒಗೆದು, ಸೋಂಕುನಿವಾರಕದಿಂದ ಶುದ್ಧಮಾಡಿಯೇ ತೆಗೆದುಕೊಂಡು ಹೋಗಬೇಕು.

ಮೈಕಟ್ಟಿನ ವಿಷಯಕ್ಕೆ ಬರುವುದಾದರೆ, ಇದು ಭುಜದ ಎತ್ತರದಲ್ಲಿ ಸಾಮಾನ್ಯವಾಗಿ 132ರಿಂದ 142 ಸೆಂಟಿಮೀಟರ್, ತೂಕದಲ್ಲಿ 330ರಿಂದ 380 ಕಿಲೋ ಇರುವ ಪ್ರಾಣಿ. ಗಿಡ್ಡ ಕಾಲು, ಅಗಲವಾದ ಎದೆ, ಗಟ್ಟಿ ಮೂಳೆ, ದಪ್ಪ ಕತ್ತು, ಕಣ್ಣು ಮುಚ್ಚುವಷ್ಟು ಮುಂಗೂದಲು, ಎರಡೂ ಕಡೆಗೆ ಹೊರಳಿ ಬೀಳುವಷ್ಟು ದಟ್ಟವಾದ ಜೂಲು. ಎತ್ತರವನ್ನು ಮಾತ್ರ ನೋಡಿದರೆ ಇದನ್ನು ಪೋನಿ ಎನ್ನಬೇಕಾಗುತ್ತದೆ, ಆದರೆ ಐಸ್‌ಲ್ಯಾಂಡಿನವರೂ ಈ ತಳಿಯ ಸಂಘಗಳೂ ಇದನ್ನು ಕುದುರೆ ಎಂದೇ ಕರೆಯುತ್ತಾರೆ. ಇದರ ಮೂಳೆಯ ಬಲ, ಹೊರುವ ಶಕ್ತಿ ಮತ್ತು ಸ್ವಭಾವವನ್ನು ಬಲ್ಲ ಯಾರೂ ಅದನ್ನು ಪ್ರಶ್ನಿಸಲಾರರೆಂದು ನನಗನಿಸುತ್ತದೆ. ಚಳಿಗಾಲದಲ್ಲಿ ಇದರ ಮೈಮೇಲೆ ಎರಡು ಪದರದ ಕೂದಲು ಬೆಳೆಯುತ್ತದೆ. ಹೊರಗಿನ ಉದ್ದ, ಒರಟು ಕೂದಲು ಮಳೆ ಮತ್ತು ಹಿಮದ ನೀರನ್ನು ಕೆಳಕ್ಕೆ ಇಳಿಸುತ್ತದೆ, ಒಳಗಿನ ಮೃದುವಾದ ಕೂದಲು ಬಿಸಿಯನ್ನು ಹಿಡಿದಿಡುತ್ತದೆ. ಹಿಮ ಸುರಿಯುವಾಗ ಬೆನ್ನ ಮೇಲೆ ಕೂತ ಹಿಮ ಕರಗದೆ ಹಾಗೆಯೇ ಉಳಿದಿದ್ದರೆ, ಮೈಯ ಶಾಖ ಹೊರಗೆ ಸೋರುತ್ತಿಲ್ಲ ಎಂದು ತಿಳಿಯಬಹುದು; ಆ ಹಿಮದ ಅಡಿಗೆ ಬೆರಳು ತೂರಿಸಿದರೆ ಚರ್ಮ ಬೆಚ್ಚಗೂ ಒಣಗಿಯೂ ಇರುತ್ತದೆ. ವಸಂತ ಬಂತೆಂದರೆ ಬಾಚಣಿಗೆ ಎಳೆದಲ್ಲೆಲ್ಲ ಈ ಕೂದಲು ಹಿಡಿಹಿಡಿಯಾಗಿ ಕಿತ್ತುಬರುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಈ ಗಟ್ಟಿತನ ಬಂದದ್ದು ಎಲ್ಲಿಂದ? ಮೊದಲನೆಯ ಕಾರಣ, ಆ ನೆಲದ ನಿಷ್ಕರುಣೆ. ಹೆಚ್ಚಿನ ಕುದುರೆಗಳು ವರ್ಷವಿಡೀ ಬಯಲಿನಲ್ಲೇ ಇರುತ್ತಿದ್ದವು. ಬೇಸಿಗೆಯಲ್ಲಿ ಮೇದು ಕೊಬ್ಬು ಕಟ್ಟಿಕೊಂಡವು ಚಳಿಗಾಲ ದಾಟುತ್ತಿದ್ದವು, ಉಳಿದವು ಸಾಯುತ್ತಿದ್ದವು. ಮೇವು ತೀರಿದ ಚಳಿಗಾಲದಲ್ಲಿ ಕರಾವಳಿಯ ರೈತರು ಉಪ್ಪು ಹಾಕಿದ ಹೆರಿಂಗ್ ಮೀನನ್ನು ಕುದುರೆಗಳಿಗೆ ತಿನ್ನಿಸಿದ್ದೂ ಉಂಟು. 1783ರ ಜೂನ್ 8ರಂದು ಲಾಕಿ ಬಿರುಕಿನಲ್ಲಿ ಆರಂಭವಾದ ಜ್ವಾಲಾಮುಖಿ ಸ್ಫೋಟ 1784ರ ಫೆಬ್ರುವರಿಯವರೆಗೆ ಮುಂದುವರಿಯಿತು. ಅದು ಉಗುಳಿದ ಫ್ಲೋರಿನ್ ಹುಲ್ಲಿನ ಮೇಲೆ ಕೂತು, ಅದನ್ನು ಮೇದ ಪ್ರಾಣಿಗಳ ಹಲ್ಲು ಮೂಳೆಗಳೆಲ್ಲ ಕೆಟ್ಟು, ದೇಶದ ಕುದುರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಶವಾದವು. ಹಿಂದೆಯೇ ಬಂದ ಬರಗಾಲದಲ್ಲಿ ಜನಸಂಖ್ಯೆಯ ಐದನೆಯ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ಇಂದಿನ ಕುದುರೆಗಳೆಲ್ಲವೂ ಆ ಸಾವಿನ ಜರಡಿಯನ್ನು ದಾಟಿ ಉಳಿದವುಗಳ ಸಂತಾನ. ಎರಡನೆಯ ಕಾರಣ, ಬಾಗಿಲು ಮುಚ್ಚಿಕೊಂಡು ಇದ್ದುದರಲ್ಲೇ ಒಳ್ಳೆಯದನ್ನು ಆರಿಸುತ್ತ ಬಂದ ರೈತರ ಶಿಸ್ತು. ಇವೆರಡರಲ್ಲಿ ಯಾವುದು ಹೆಚ್ಚು ಎಂಬ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯವನ್ನು ಓದಲು ಬಯಸುತ್ತೇನೆ.

ಒಂದು ಮಾತು ಉಳಿಯಿತು. ಈ ಕುದುರೆಗೆ ನಡಿಗೆ, ಕುಕ್ಕುಲೋಟ, ನಾಗಾಲೋಟಗಳ ಜೊತೆಗೆ ಇನ್ನೂ ಎರಡು ಗತಿಗಳಿವೆ. ಒಂದು ಟೋಲ್ಟ್, ಇನ್ನೊಂದು ಸ್ಕೇಯ್ದ್. ಟೋಲ್ಟ್‌ನಲ್ಲಿ ಕಾಲುಗಳು ನಡಿಗೆಯ ಕ್ರಮದಲ್ಲೇ ಒಂದಾದ ಮೇಲೊಂದು ನೆಲ ಮುಟ್ಟುತ್ತವೆ, ಆದರೆ ವೇಗ ನಾಗಾಲೋಟದ ಸಮೀಪಕ್ಕೆ ಹೋಗಬಲ್ಲದು. ಒಂದಾದರೂ ಕಾಲು ಸದಾ ನೆಲದ ಮೇಲಿರುವುದರಿಂದ ಕುದುರೆಯ ಬೆನ್ನು ಎಗರುವುದಿಲ್ಲ. ಕೆಳಗೆ ನಾಲ್ಕು ಗೊರಸುಗಳ ಸದ್ದು ಸಮಸಮನಾಗಿ, ಬಿಡುವಿಲ್ಲದೆ ಕೇಳುತ್ತಿದ್ದರೂ ಜೀನಿನ ಮೇಲೆ ಕೂತವನ ಸೊಂಟ ಅಲುಗುವುದಿಲ್ಲ. ಸ್ಕೇಯ್ದ್‌ನಲ್ಲಿ ಒಂದೇ ಪಕ್ಕದ ಎರಡು ಕಾಲುಗಳು ಒಟ್ಟಿಗೆ ಮುಂದೆ ಹೋಗುತ್ತವೆ. ಗಂಟೆಗೆ 48 ಕಿಲೋಮೀಟರ್‌ವರೆಗೆ ಹೋಗುವ ಆ ಓಟವನ್ನು 100, 150 ಅಥವಾ 250 ಮೀಟರಿನ ಪಂದ್ಯಗಳಲ್ಲಿ ಮಾತ್ರ ಓಡಿಸುತ್ತಾರೆ.

ಜೀವಶಾಸ್ತ್ರದ ಮೇಷ್ಟ್ರು:

ತುಂಬ ಒಳ್ಳೆಯ ಆರಂಭ. ಗತಿಗಳ ವಿಷಯವನ್ನು ತಾವು ಕೊನೆಗೆ ಇಟ್ಟಿದ್ದೀರಿ, ನನಗೆ ಅದೇ ಈ ತಳಿಯ ಅತ್ಯಂತ ಕುತೂಹಲದ ಭಾಗ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡವು 70 ಐಸ್‌ಲ್ಯಾಂಡ್ ಕುದುರೆಗಳ ವಂಶವಾಹಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸ್ಕೇಯ್ದ್ ಬಾರದ ನಾಲ್ಕು ಗತಿಯ ಕುದುರೆಗಳನ್ನೂ ಅದೂ ಬರುವ ಐದು ಗತಿಯ ಕುದುರೆಗಳನ್ನೂ ಬೇರ್ಪಡಿಸುವ ಒಂದೇ ಒಂದು ಬದಲಾವಣೆ ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿ ಸಿಕ್ಕಿತು. ಆ ಬದಲಾವಣೆಯಿಂದ ಒಂದು ಪ್ರೋಟೀನು ಪೂರ್ತಿಯಾಗದೆ ತುಂಡಾಗಿ ನಿಂತುಬಿಡುತ್ತದೆ. ಆ ಪ್ರೋಟೀನಿನ ಕೆಲಸವಿರುವುದು ಬೆನ್ನುಹುರಿಯೊಳಗೆ, ಎಡಬಲ ಕಾಲುಗಳ ಚಲನೆಯನ್ನು ಹೊಂದಿಸುವ ನರಕೋಶಗಳಲ್ಲಿ. ತಂದೆ ಮತ್ತು ತಾಯಿ ಇಬ್ಬರಿಂದಲೂ ಈ ಬದಲಾವಣೆಯನ್ನು ಪಡೆದ ಕುದುರೆಗಳೇ ಸಾಮಾನ್ಯವಾಗಿ ಸ್ಕೇಯ್ದ್ ಓಡಬಲ್ಲವು. ಒಂದೇ ಪ್ರತಿ ಬಂದಿದ್ದರೆ ಟೋಲ್ಟ್ ಕಲಿಯಬಲ್ಲವು, ಐದನೆಯ ಗತಿ ದಕ್ಕುವುದಿಲ್ಲ.

ಇಲ್ಲಿ ಇತಿಹಾಸವೂ ಸೇರಿಕೊಳ್ಳುತ್ತದೆ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪುರಾತನ ಕುದುರೆಗಳ ಮೂಳೆಗಳಿಂದ ಡಿಎನ್‌ಎ ತೆಗೆದು ನೋಡಿದಾಗ, ಇದೇ ಬದಲಾವಣೆ ಅತ್ಯಂತ ಹಳೆಯದಾಗಿ ಕಾಣಿಸಿಕೊಂಡದ್ದು ಇಂಗ್ಲೆಂಡಿನ ಯಾರ್ಕ್ ನಗರದ 9ನೆಯ ಶತಮಾನದ ಎರಡು ಮಾದರಿಗಳಲ್ಲಿ. ಆ ಕಾಲದ ಸ್ಕ್ಯಾಂಡಿನೇವಿಯಾದ ಮಾದರಿಗಳಲ್ಲಿ ಅದು ಇರಲಿಲ್ಲ, ಆದರೆ ಐಸ್‌ಲ್ಯಾಂಡಿನ 13 ಹಳೆಯ ಮಾದರಿಗಳಲ್ಲಿ 10ರಲ್ಲಿ ಇತ್ತು. ಅಂದರೆ ವಲಸೆಗಾರರು ದಾರಿಯಲ್ಲಿ ಬ್ರಿಟನ್ನಿನಿಂದ ಕೊಂಡೊಯ್ದ ಕುದುರೆಗಳಲ್ಲಿ ಈ ಗುಣವಿತ್ತು, ಮತ್ತು ದ್ವೀಪ ಸೇರಿದ ಕೆಲವೇ ತಲೆಮಾರುಗಳಲ್ಲಿ ಅದನ್ನೇ ಹುಡುಕಿ ಬೆಳೆಸಲಾಯಿತು ಎಂದು ಸಂಶೋಧಕರು ತರ್ಕಿಸುತ್ತಾರೆ.

ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ. ದಪ್ಪ ಕೂದಲನ್ನು ಚಳಿ ಆರಿಸಿತು ಎನ್ನಬಹುದು, ಅಲುಗದ ಬೆನ್ನನ್ನು ಆರಿಸಿದವನು ಮಾತ್ರ ಮನುಷ್ಯನೇ. ಗಾಡಿದಾರಿ ಇಲ್ಲದ ನಾಡಿನಲ್ಲಿ ದಿನವಿಡೀ ಜೀನಿನ ಮೇಲೆ ಕೂರಬೇಕಾದವನಿಗೆ ಯಾವ ಕುದುರೆ ಬೇಕೆಂಬುದು ಚೆನ್ನಾಗಿ ತಿಳಿದಿತ್ತು.

ಹಂಪಿಯ ಓದುಗ:

ಮೇಷ್ಟ್ರ ಮಾತು ಓದುವಾಗ ನನಗೆ ಇದರ ನೇರ ವಿರುದ್ಧ ದಿಕ್ಕಿನ ಒಂದು ಚಿತ್ರ ಕಂಡಿತು. ವಿಜಯನಗರದ ಅರಸರು ಕುದುರೆಗಳನ್ನು ಪ್ರತಿ ವರ್ಷವೂ ಸಮುದ್ರದಾಚೆಯಿಂದ ತರಿಸುತ್ತಲೇ ಇರಬೇಕಿತ್ತು. ಅರಸರು ಹೊರ್ಮುಜ್‌ನ ಕುದುರೆಗಳನ್ನು ವರ್ಷಕ್ಕೆ 13,000ದಷ್ಟು ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಭಟ್ಕಳ, ಗೋವೆಗಳಂಥ ಬಂದರುಗಳ ಮೇಲಿನ ಹಿಡಿತಕ್ಕಾಗಿ ನಡೆದ ಜಗ್ಗಾಟದಲ್ಲಿ ಕುದುರೆ ವ್ಯಾಪಾರದ ಪಾಲು ದೊಡ್ಡದು. ನಮ್ಮ ಹವೆ ಮತ್ತು ಮೇವಿನಲ್ಲಿ ಯುದ್ಧದ ಕುದುರೆಯ ಸಂತಾನ ಸರಿಯಾಗಿ ಏಳಿಗೆಯಾಗುತ್ತಿರಲಿಲ್ಲವಾದ್ದರಿಂದ ಹೊಸ ರಕ್ತ ಸದಾ ಹರಿದುಬರಬೇಕಿತ್ತು. ಐಸ್‌ಲ್ಯಾಂಡಿನವರು ಹೊಸ ರಕ್ತವನ್ನು ಪೂರ್ತಿಯಾಗಿ ನಿಲ್ಲಿಸಿಯೂ ತಳಿಯನ್ನು ಉಳಿಸಿಕೊಂಡದ್ದು ದೊಡ್ಡ ವಿಷಯವೇ.

ಎಲ್ಬೆ ತೀರದವರಲ್ಲಿ ನನ್ನ ಪ್ರಶ್ನೆ: ಯುದ್ಧವೇ ವಿರಳವಾಗಿದ್ದ ಆ ದ್ವೀಪದಲ್ಲಿ ಕುದುರೆಯ ನಿಜವಾದ ಉಪಯೋಗವೇನಿತ್ತು? ಈಗ ಏನಿದೆ?

ಎಲ್ಬೆ ತೀರದ ಕನ್ನಡಿಗ:

ಓದುಗರೇ, ಹೇರು ಹೊರುವುದೇ ಅದರ ಮೊದಲನೆಯ ಕೆಲಸವಾಗಿತ್ತು. 20ನೆಯ ಶತಮಾನ ಕಾಲಿಡುವವರೆಗೂ ಅಲ್ಲಿ ಗಾಡಿ ಓಡಿಸಬಹುದಾದ ರಸ್ತೆಗಳು ಇರಲಿಲ್ಲ ಎಂದರೂ ನಡೆಯುತ್ತದೆ. ಕೊಯ್ದ ಹುಲ್ಲು, ಒಣಮೀನು, ಉಣ್ಣೆ, ಮನೆಕಟ್ಟುವ ಮರ, ಅಂಚೆ, ಸೂಲಗಿತ್ತಿ, ಪಾದ್ರಿ, ಕೊನೆಗೆ ಶವಪೆಟ್ಟಿಗೆ, ಎಲ್ಲವೂ ಕುದುರೆಯ ಬೆನ್ನ ಮೇಲೆಯೇ ಸಾಗುತ್ತಿದ್ದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸಾವಿರಾರು ಕುದುರೆಗಳನ್ನು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಮಾರಿದರು. ಗಿಡ್ಡದಾಗಿಯೂ ಬಲಿಷ್ಠವಾಗಿಯೂ ಇದ್ದುದೇ ಅವುಗಳ ದುರ್ದೈವಕ್ಕೆ ಕಾರಣವಾಯಿತು. ಬಯಲಿನಲ್ಲಿ ಬೆಳೆದ ಪ್ರಾಣಿಗಳು ನೆಲದಡಿಯ ಕತ್ತಲೆಯಲ್ಲಿ ತಳ್ಳುಗಾಡಿ ಎಳೆದು ಬದುಕು ಮುಗಿಸಿದ್ದನ್ನು ನೆನೆದರೆ ಸಂಕಟವಾಗುತ್ತದೆ.

ನನ್ನನ್ನು ಹೆಚ್ಚು ಹಿಡಿದಿಡುವುದು ಆಗ್ನೇಯ ಭಾಗದಲ್ಲಿ ಹಿಮ ಕರಗಿ ಹರಿಯುವ ನದಿಗಳನ್ನು ದಾಟಿಸುತ್ತಿದ್ದ ಕುದುರೆಗಳ ಕಥೆ. ವಾತ್ನಾಯೋಕುಟ್ಲ್ ಹಿಮರಾಶಿಯ ಕೆಳಗಿನ ಮರಳು ಬಯಲಿನಲ್ಲಿ ಹರಿಯುವ ನೀರು ಬೂದುಬಣ್ಣದ್ದು, ಅದರ ತಳ ಕಾಣಿಸುವುದಿಲ್ಲ. ನಿನ್ನೆ ಮೊಣಕಾಲುದ್ದ ಇದ್ದ ಜಾಗ ಇಂದು ಎದೆಮಟ್ಟ ಆಗಿರುತ್ತದೆ. ಹಿಮದ ಗಡ್ಡೆಗಳು ತೇಲಿಬರುತ್ತವೆ, ದಡದ ಮರಳು ಕಾಲಿಟ್ಟಲ್ಲಿ ಕುಸಿಯುತ್ತದೆ. ಇಂಥ ನದಿಗಳಲ್ಲಿ ಪಳಗಿದ ಕುದುರೆಯನ್ನು ವಾತ್ನಾಹೆಸ್ತುರ್ ಎಂದು ಕರೆದು ಅದಕ್ಕೆ ಬೇರೆಯದೇ ಬೆಲೆ ಕಟ್ಟುತ್ತಿದ್ದರು. ಅದು ಮುಂಗಾಲಿನಿಂದ ತಳವನ್ನು ತಡವಿ, ಪ್ರವಾಹಕ್ಕೆ ಎದುರಾಗಿ ನಿಲ್ಲದೆ ಓರೆಯಾಗಿ ಕೆಳಮುಖವಾಗಿ ದಾಟುತ್ತಿತ್ತು. ಸವಾರ ಮಾಡಬೇಕಾದದ್ದು ಇಷ್ಟೇ: ಲಗಾಮನ್ನು ಸಡಿಲ ಬಿಟ್ಟು, ಹರಿಯುವ ನೀರನ್ನು ನೋಡದೆ ಎದುರಿನ ದಡದ ಮೇಲೆ ಕಣ್ಣಿಡುವುದು. ದೇಶವನ್ನು ಸುತ್ತುವ ಹೆದ್ದಾರಿ ಸ್ಕೇಯ್ದರಾರ್ ಮರಳುಬಯಲಿನ ಸೇತುವೆಗಳೊಂದಿಗೆ ಪೂರ್ತಿಯಾದದ್ದು 1974ರಲ್ಲಿ. ಹಾಗಾಗಿ ಈ ವಿದ್ಯೆ ಬಹಳ ಹಿಂದಿನದೇನಲ್ಲ. ಹಾರ್ನಾಫ್ಯೋರ್ದುರ್ ಭಾಗದ ವಂಶಾವಳಿಯ ಕುದುರೆಗಳಿಗೆ ಛಲ ಮತ್ತು ತಾಳಿಕೆಯ ಹೆಸರು ಬಂದದ್ದೂ ಆ ನದಿಗಳ ನೆರೆಯಲ್ಲಿ ಬೆಳೆದದ್ದರಿಂದಲೇ.

ಇಂದಿಗೂ ಉಳಿದಿರುವ ದುಡಿಮೆ ಎಂದರೆ ಕುರಿ ಕೂಡಿಸುವುದು. ಬೇಸಿಗೆಯಲ್ಲಿ ಒಳನಾಡಿನ ಎತ್ತರದ ಹುಲ್ಲುಗಾವಲುಗಳಿಗೆ ಬಿಟ್ಟ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಊರವರೆಲ್ಲ ಸೇರಿ ಕೆಳಕ್ಕೆ ಹೊಡೆದು ತರುತ್ತಾರೆ. ಲಾವಾ ಕಲ್ಲುಗಳ ನಡುವೆ, ಜೌಗಿನಲ್ಲಿ ವಾಹನ ಹೋಗಲಾರದ ಕಡೆ ಕುದುರೆಯೇ ಆಧಾರ. ಒಬ್ಬೊಬ್ಬ ಸವಾರನ ಜೊತೆಗೂ ಬದಲಿ ಕುದುರೆಗಳು ಇರುತ್ತವೆ, ದಣಿದದ್ದನ್ನು ಬಿಟ್ಟು ಇನ್ನೊಂದಕ್ಕೆ ಜೀನು ಹಾಕುತ್ತಾರೆ. ಕೆಳಗೆ ತಂದ ಹಿಂಡನ್ನು ಗಾಲಿಯಾಕಾರದ ದೊಡ್ಡ ದೊಡ್ಡಿಗೆ ತುಂಬುತ್ತಾರೆ. ನಡುವಿನ ಅಂಗಳ ಎಲ್ಲರದ್ದು. ಅದರ ಸುತ್ತ ಹೋಳುಹೋಳಾಗಿ ಇರುವ ಒಂದೊಂದು ಕೋಣೆ ಒಂದೊಂದು ಜಮೀನಿನವರದ್ದು. ಮಕ್ಕಳು ಮುದುಕರೆನ್ನದೆ ಎಲ್ಲರೂ ನಡುವೆ ಇಳಿದು, ಕುರಿಯ ಕಿವಿಯ ಗುರುತನ್ನು ಬೆರಳಿನಿಂದ ಸವರಿ ನೋಡಿ, ಕೊಂಬು ಹಿಡಿದು ತಮ್ಮ ಕೋಣೆಗೆ ಎಳೆದೊಯ್ಯುತ್ತಾರೆ. ಉತ್ತರದ ಸ್ಕಾಗಾಫ್ಯೋರ್ದುರ್ ಜಿಲ್ಲೆಯ ಲೋಯ್‌ವ್‌ಸ್ಕಾಲಾರೆತ್‌ನಲ್ಲಿ ಸೆಪ್ಟೆಂಬರ್ ಕೊನೆಯ ವಾರ ಕುದುರೆಗಳನ್ನೇ ಹೀಗೆ ಕೂಡಿಸಿ ಬೇರ್ಪಡಿಸುತ್ತಾರೆ. 1879ರಲ್ಲಿ ಗತಿಗಳ ಗುಣಕ್ಕಾಗಿಯೇ ಆಯ್ದು ತಳಿ ಬೆಳೆಸುವ ಕ್ರಮ ಮೊದಲಾದದ್ದು ಸಹ ಅದೇ ಸ್ಕಾಗಾಫ್ಯೋರ್ದುರ್‌ನಲ್ಲಿ.

ಹಾವೇರಿಯ ಪಶುವೈದ್ಯೆ:

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ಗಟ್ಟಿತನ ಎನ್ನುವಾಗ ಯಾವುದರ ಎದುರು ಗಟ್ಟಿ ಎಂಬುದನ್ನು ಸಹ ಹೇಳಬೇಕೆಂದು ನನ್ನ ವಿನಂತಿ. ಚಳಿಗೆ, ಹಸಿವೆಗೆ, ಕಲ್ಲುನೆಲಕ್ಕೆ ಜಗ್ಗದ ಈ ಪ್ರಾಣಿ ಒಂದು ಸಣ್ಣ ನುಸಿಗೆ ಸೋಲುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗವನ್ನು ಹರಡುವ ಕ್ಯೂಲಿಕಾಯ್ಡಿಸ್ ಕುಲದ ನುಸಿಗಳನ್ನು ಕುರಿಗಾರರೆಲ್ಲರೂ ಬಲ್ಲರು. ಕುದುರೆಗಳಲ್ಲಿ ತುರಿಕೆಯ ಅಲರ್ಜಿ ಉಂಟುಮಾಡುವ ಇದೇ ಕುಲದ ಜಾತಿಗಳು ಐಸ್‌ಲ್ಯಾಂಡಿನಲ್ಲಿ ಇಲ್ಲದ್ದರಿಂದ ಅಲ್ಲಿ ಹುಟ್ಟಿದ ಕುದುರೆಯ ಶರೀರಕ್ಕೆ ಅವುಗಳ ಜೊಲ್ಲಿನ ಪರಿಚಯವೇ ಇರುವುದಿಲ್ಲ. ಅಲ್ಲಿಂದ ಯೂರೋಪಿನ ತೇವದ ಪ್ರದೇಶಗಳಿಗೆ ಬಂದ ಕುದುರೆಗಳಲ್ಲಿ, ರಕ್ಷಣೆ ಕೊಡದಿದ್ದರೆ, ಅರ್ಧಕ್ಕಿಂತ ಹೆಚ್ಚಿನವಕ್ಕೆ ಕೆಲವೇ ಬೇಸಿಗೆಗಳಲ್ಲಿ ಈ ತುರಿಕೆ ಹತ್ತಿಕೊಳ್ಳಬಹುದು. ಅದೇ ತಳಿಯ, ಆದರೆ ಯೂರೋಪಿನಲ್ಲೇ ಹುಟ್ಟಿದ ಮರಿಗಳಲ್ಲಿ ಇದರ ಪ್ರಮಾಣ ಬಹಳ ಕಡಿಮೆ. ಹಾಗಾಗಿ ಇದನ್ನು ರಕ್ತದ ದೋಷ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಾಗುವುದಿಲ್ಲ. ಎಳೆತನದಲ್ಲಿ ರೋಗನಿರೋಧಕ ವ್ಯವಸ್ಥೆಗೆ ಯಾವುದರ ಪರಿಚಯ ಆಗಿತ್ತು, ಯಾವುದರದ್ದು ಆಗಿರಲಿಲ್ಲ ಎಂಬುದು ಇಲ್ಲಿ ನಿರ್ಣಾಯಕ. ಐಸ್‌ಲ್ಯಾಂಡಿನ ಕೆಲ್ದೂರ್ ಸಂಶೋಧನಾ ಸಂಸ್ಥೆಯೂ ಸ್ವಿಟ್ಜರ್‌ಲ್ಯಾಂಡಿನ ಬರ್ನ್ ವಿಶ್ವವಿದ್ಯಾಲಯವೂ ಸೇರಿ ಇದಕ್ಕೆ ಲಸಿಕೆ ರೂಪಿಸುವ ಕೆಲಸದಲ್ಲಿ ಅನೇಕ ವರ್ಷಗಳಿಂದ ತೊಡಗಿವೆ.

ಮುಚ್ಚಿದ ಬಾಗಿಲಿನ ಇನ್ನೊಂದು ಬೆಲೆ 2010ರಲ್ಲಿ ಕಂಡಿತು. ಆ ವರ್ಷ ವಸಂತದಲ್ಲಿ ಕೆಮ್ಮು, ಮೂಗಿನಿಂದ ಕೀವು ಸುರಿಯುವ ಸಾಂಕ್ರಾಮಿಕವೊಂದು ಹಬ್ಬಿ, ದೇಶದ ಸುಮಾರು 77,000 ಕುದುರೆಗಳಲ್ಲಿ ಬಹುಪಾಲು ಎಲ್ಲಕ್ಕೂ ತಗುಲಿತು. ಬೇರೆ ದೇಶಗಳಲ್ಲಿ ಕುದುರೆಗಳ ಗಂಟಲಲ್ಲಿ ಸಾಮಾನ್ಯವಾಗಿ ಇರುವ ಸ್ಟ್ರೆಪ್ಟೊಕಾಕಸ್ ಜೂಎಪಿಡೆಮಿಕಸ್ ಬ್ಯಾಕ್ಟೀರಿಯಾದ ಒಂದು ಬಗೆಯೇ ಕಾರಣವೆಂದು ಆನಂತರ ಗೊತ್ತಾಯಿತು. ತರಬೇತಿ ಕೇಂದ್ರವೊಂದರಲ್ಲಿ ಅನೇಕ ಕುದುರೆಗಳು ಬಳಸುತ್ತಿದ್ದ, ನೀರು ತುಂಬಿದ ಟ್ರೆಡ್‌ಮಿಲ್ಲಿನಿಂದ ಅದು ಹಲವು ಕಡೆಗೆ ಹರಡಿತ್ತು. 1950ರಲ್ಲಿ ಥಿಂಗ್‌ವೆಟ್ಲಿರ್‌ನಲ್ಲಿ ಮೊದಲಾದ ಲ್ಯಾಂಡ್ಸ್‌ಮೋಟ್ ಎಂಬ ರಾಷ್ಟ್ರೀಯ ಕುದುರೆ ಮೇಳವನ್ನು ಆ ವರ್ಷ ನಡೆಸಲಾಗದೆ 2011ಕ್ಕೆ ಮುಂದೂಡಿದರು. ಬಳಸಿದ ಕೈಗವಸನ್ನೂ ಒಳಗೆ ಬಿಡದ ಕಟ್ಟುನಿಟ್ಟು ಯಾಕೆಂಬುದು ಇದರಿಂದ ಅರ್ಥವಾಗುತ್ತದೆ.

ಕುಣಿಗಲ್ ಕಡೆಯವನು:

ನಾನು ಕುಣಿಗಲ್ ಸ್ಟಡ್ ಫಾರಂನ ಬೇಲಿಯಾಚೆಗೆ ಕುದುರೆಗಳನ್ನು ನೋಡುತ್ತ ಬೆಳೆದವನು. ಟಿಪ್ಪುವಿನ ಕಾಲದಿಂದ ಬಂದ ಆ ಜಾಗದಲ್ಲಿ ಈಗ ಇರುವುದು ಪಂದ್ಯದ ಥರೋಬ್ರೆಡ್‌ಗಳು. ಅವನ್ನು ಎರಡು ವರ್ಷದ ಪ್ರಾಯಕ್ಕೇ ರೇಸಿಗೆ ಇಳಿಸುತ್ತಾರೆ. ಐಸ್‌ಲ್ಯಾಂಡಿನಲ್ಲಿ ಎಷ್ಟು ಪ್ರಾಯಕ್ಕೆ ಬೆನ್ನ ಮೇಲೆ ಕೂರುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ.

ಸವಾರಿ ಕಲಿಯುತ್ತಿರುವವಳು, ಬೆಂಗಳೂರು:

ನನ್ನದೂ ಒಂದು ಸಂದೇಹ. ಚಿತ್ರಗಳಲ್ಲಿ ಆರಡಿ ಎತ್ತರದ ಗಂಡಸರು ಈ ಚಿಕ್ಕ ಕುದುರೆಯ ಮೇಲೆ ಕೂತು, ಅವರ ಪಾದಗಳು ಹೊಟ್ಟೆಯ ಕೆಳಗೆ ಜೋತಾಡುವುದನ್ನು ಕಂಡಾಗ ಕುದುರೆಗೆ ಹಿಂಸೆಯಾಗುತ್ತಿದೆ ಎನ್ನಿಸುತ್ತದೆ. ಇದು ನಿಜವೇ, ಇಲ್ಲ ಕಣ್ಣಿನ ಭ್ರಮೆಯೇ?

ಎಲ್ಬೆ ತೀರದ ಕನ್ನಡಿಗ:

ಎರಡಕ್ಕೂ ಒಟ್ಟಿಗೆ ಉತ್ತರಿಸುತ್ತೇನೆ, ಯಾಕೆಂದರೆ ಎರಡೂ ಬೆನ್ನಿಗೆ ಸಂಬಂಧಿಸಿದ ಪ್ರಶ್ನೆಗಳು.

ಮರಿಗಳು ಹುಟ್ಟಿದಂದಿನಿಂದ ಹಿಂಡಿನೊಂದಿಗೆ ಬಯಲಿನಲ್ಲೇ ಬೆಳೆಯುತ್ತವೆ. ಸುಮಾರು ನಾಲ್ಕು ವರ್ಷ ತುಂಬುವ ತನಕ ಅವುಗಳ ಮೇಲೆ ಜೀನು ಬೀಳುವುದಿಲ್ಲ. ದೇಹ ಪೂರ್ತಿ ಬಲಿಯಲು ಏಳು ವರ್ಷ ಬೇಕೆಂದು ಅನುಭವಿಗಳು ಹೇಳುತ್ತಾರೆ. ಆ ಕಾಯುವಿಕೆಯ ಫಲವಾಗಿ ಹದಿನೆಂಟು ಇಪ್ಪತ್ತು ವರ್ಷದ ಕುದುರೆಗಳು ಸಹ ಹುರುಪಿನಿಂದ ಸವಾರಿ ಕೊಡುತ್ತವೆ. ಡೆನ್ಮಾರ್ಕಿನಲ್ಲಿ ಈ ತಳಿಯ ಹೆಣ್ಣು ಕುದುರೆಯೊಂದು 56 ವರ್ಷ ಬದುಕಿತೆಂಬ ದಾಖಲೆಯೂ ಇದೆ. ಕಲ್ಲು, ಕೊರಕಲು, ತೊರೆಗಳಿರುವ ಬಯಲಿನಲ್ಲಿ ಎಳೆತನ ಕಳೆದ ಪ್ರಾಣಿಗೆ ಕಾಲಿಡುವ ಜಾಗವನ್ನು ಯಾರೂ ಕಲಿಸಬೇಕಾಗಿಲ್ಲ. ಅದರ ಸ್ವಭಾವವೂ ಅಲ್ಲೇ ರೂಪುಗೊಳ್ಳುತ್ತದೆ. ದ್ವೀಪದಲ್ಲಿ ಕುದುರೆಯನ್ನು ಬೇಟೆಯಾಡುವ ಮೃಗವೇ ಇಲ್ಲ. ಮನುಷ್ಯರು ಬರುವ ಮೊದಲು ಅಲ್ಲಿದ್ದ ನೆಲದ ಸಸ್ತನಿ ಹಿಮನರಿಯೊಂದೇ. ಹಾಗಾಗಿ ಅಪರಿಚಿತವಾದುದನ್ನು ಕಂಡಾಗ ಇದು ದಿಕ್ಕೆಟ್ಟು ಓಡುವುದಕ್ಕಿಂತ ನಿಂತು ನೋಡುವುದೇ ಹೆಚ್ಚು. ಕಾಲ ಕೆಳಗಿನ ನೆಲವೇ ಅಪಾಯವಾಗಿದ್ದ ನಾಡಿನಲ್ಲಿ ಗಾಬರಿಗೊಂಡು ಓಡಿದ ಕುದುರೆ ಉಳಿಯುತ್ತಿರಲಿಲ್ಲ.

ಭಾರದ ವಿಷಯ. ಗಿಡ್ಡ ಬೆನ್ನು ಮತ್ತು ದಪ್ಪ ಮೂಳೆಯಿಂದಾಗಿ ಇದು ತನ್ನ ಗಾತ್ರಕ್ಕೆ ಮೀರಿದ ಭಾರವನ್ನು ಹೊರಬಲ್ಲದೆಂಬುದು ನಿಜ. ಆದರೆ ಅದಕ್ಕೂ ಮಿತಿಯಿದೆ. ಎಂಟು ಕುದುರೆಗಳನ್ನು ಟೋಲ್ಟ್‌ನಲ್ಲಿ ಓಡಿಸಿ, ಅವು ಹೊತ್ತ ಭಾರವನ್ನು ದೇಹತೂಕದ 20 ಪ್ರತಿಶತದಿಂದ 35 ಪ್ರತಿಶತದವರೆಗೆ ಏರಿಸಿ ನಡೆಸಿದ ಅಧ್ಯಯನದಲ್ಲಿ, ಸರಾಸರಿ ಸುಮಾರು 23 ಪ್ರತಿಶತ ದಾಟಿದ ಮೇಲೆ ರಕ್ತದ ಲ್ಯಾಕ್ಟೇಟ್ ದಣಿವಿನ ಮಟ್ಟಕ್ಕೆ ಏರಿತು. ಒಂದೊಂದು ಕುದುರೆಯ ಮಿತಿಯೂ ಬೇರೆ ಬೇರೆಯಾಗಿತ್ತು. 350 ಕಿಲೋ ತೂಗುವ ಕುದುರೆಗೆ ಇದು ಜೀನೂ ಸೇರಿ 80 ಕಿಲೋದಷ್ಟಾಗುತ್ತದೆ. ನಿಮಗೆ ಅನ್ನಿಸಿದ್ದು ಪೂರ್ತಿ ಭ್ರಮೆಯಲ್ಲ, ಮೇಡಂ. ಕಾಲು ಜೋತಾಡುವುದರಿಂದ ಕುದುರೆಗೆ ತೊಂದರೆಯಿಲ್ಲ, ತೂಕದಿಂದ ಇದೆ. ನೂರು ಕಿಲೋ ದಾಟಿದವರು ದೊಡ್ಡ ಮೈಕಟ್ಟಿನ ಕುದುರೆಯನ್ನು ಆರಿಸಿಕೊಂಡು, ಚಿಕ್ಕ ದೂರಕ್ಕೆ, ನಿಧಾನ ಗತಿಯಲ್ಲಿ ಮಾತ್ರ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಾವೇರಿಯ ಪಶುವೈದ್ಯೆ:

ಇದಕ್ಕೆ ಒಂದು ಮಾತು ಸೇರಿಸಲು ಅನುಮತಿ ಕೊಡಿ. ಒಣಹುಲ್ಲಿನಲ್ಲೇ ಮೈ ತುಂಬಿಕೊಳ್ಳುವ ಈ ಗುಣ ಗೊಬ್ಬರ ಹಾಕಿ ಬೆಳೆಸಿದ ಯೂರೋಪಿನ ಹಸಿರು ಗದ್ದೆಗಳಲ್ಲಿ ಅಪಾಯಕ್ಕೆ ತಿರುಗುತ್ತದೆ. ಸಕ್ಕರೆ ಅಂಶ ಹೆಚ್ಚಿರುವ ಹುಲ್ಲನ್ನು ಮಿತಿಯಿಲ್ಲದೆ ಮೇಯಲು ಬಿಟ್ಟರೆ ಕೊಬ್ಬು ಏರಿ, ಗೊರಸಿನ ಒಳಪದರ ಊದಿಕೊಂಡು ಕುದುರೆ ನಿಲ್ಲಲಾರದಂತಾಗುತ್ತದೆ. ಪ್ರೀತಿಯಿಂದ ತೌಡು, ಧಾನ್ಯ ಸುರಿಯುವವರು ಈ ತಳಿಗೆ ಕೆಡುಕನ್ನೇ ಮಾಡುತ್ತಾರೆ.

ಶಿರಸಿಯ ಓದುಗಿ:

ಇಷ್ಟೊತ್ತು ಗುಣಗಾನವೇ ನಡೆದಿದೆ, ಅದು ಸಲ್ಲಬೇಕಾದದ್ದೂ ಹೌದು. ಆದರೆ ಅಲ್ಲಿ ಬಸುರಿ ಕುದುರೆಗಳಿಂದ ರಕ್ತ ತೆಗೆಯುವ ಉದ್ಯಮವಿದೆ ಎಂದು ಓದಿ ನನಗೆ ಬಹಳ ನೋವಾಯಿತು. ತಳಿಯ ಉಪಯೋಗಗಳ ಚರ್ಚೆಯಲ್ಲಿ ಇದನ್ನು ಬಿಡಬಾರದು.

ಎಲ್ಬೆ ತೀರದ ಕನ್ನಡಿಗ:

ನೀವು ಎತ್ತಿದ್ದು ಒಳ್ಳೆಯದಾಯಿತು, ಅಮ್ಮ. ಗರ್ಭ ಧರಿಸಿದ ಕುದುರೆಯ ರಕ್ತದಲ್ಲಿ ಸುಮಾರು 40ನೆಯ ದಿನದಿಂದ ಮುಂದಿನ ಕೆಲವು ವಾರಗಳವರೆಗೆ ಇಸಿಜಿ ಎಂಬ ಹಾರ್ಮೋನು ಹೇರಳವಾಗಿರುತ್ತದೆ. ಅದನ್ನು ಬೇರ್ಪಡಿಸಿ, ಮುಖ್ಯವಾಗಿ ಹಂದಿಗಳನ್ನು ಒಟ್ಟಿಗೆ ಬೆದೆಗೆ ತರಲು ಬಳಸುತ್ತಾರೆ. ಸಾವಿರಾರು ಹೆಣ್ಣು ಕುದುರೆಗಳಿಂದ ವಾರಕ್ಕೊಮ್ಮೆ ಐದು ಲೀಟರಿನಂತೆ ಎಂಟು ಸಲದವರೆಗೆ ರಕ್ತ ತೆಗೆಯುವ ಪದ್ಧತಿ ಅಲ್ಲಿ ಬೆಳೆದಿದೆ. 2021ರ ನವೆಂಬರಿನಲ್ಲಿ ಪ್ರಾಣಿದಯಾ ಸಂಸ್ಥೆಗಳು ಪ್ರಕಟಿಸಿದ ದೃಶ್ಯಗಳಲ್ಲಿ ಈ ಕುದುರೆಗಳನ್ನು ಹೊಡೆದು ಕಟಾಂಜನದೊಳಕ್ಕೆ ನುಗ್ಗಿಸುವುದು ಕಂಡುಬಂದು, ಐಸ್‌ಲ್ಯಾಂಡಿನಲ್ಲೇ ದೊಡ್ಡ ವಿವಾದವಾಯಿತು. ತಳಿಯ ಸಂಘಟನೆಗಳು ಸಹ ಇದನ್ನು ವಿರೋಧಿಸಿವೆ. 350 ಕಿಲೋ ತೂಗುವ, ಹೆಚ್ಚುಕಡಿಮೆ ಕಾಡುಪ್ರಾಣಿಯಂತೆ ಬೆಳೆದ, ಮನುಷ್ಯನ ಕೈಗೆ ಪಳಗದ ಒಂದು ಬಸುರಿ ಕುದುರೆಯಿಂದ ಇಷ್ಟು ರಕ್ತ ತೆಗೆಯುವುದನ್ನು ನಾನು ಯಾವ ಲೆಕ್ಕದಲ್ಲೂ ಸರಿಯೆಂದು ಒಪ್ಪಲಾರೆ. ಗಟ್ಟಿ ತಳಿ, ತಡೆದುಕೊಳ್ಳುತ್ತದೆ ಎಂಬ ಮಾತು ಇಲ್ಲಿ ನೆಪವಾಗಿ ಬಳಕೆಯಾಗುತ್ತಿದೆ.

ಮಾಂಸದ ವಿಷಯವನ್ನು ಇದರೊಂದಿಗೆ ಬೆರೆಸುವುದು ಬೇಡ. ಕ್ರಿಸ್ತಶಕ 1000ದ ಸುಮಾರಿಗೆ ಆ ಜನ ಕ್ರೈಸ್ತರಾದಾಗಲೂ ಕುದುರೆ ಮಾಂಸ ತಿನ್ನುವ ಹಕ್ಕನ್ನು ಆರಂಭದಲ್ಲಿ ಉಳಿಸಿಕೊಂಡಿದ್ದರು, ಇಂದಿಗೂ ಅದನ್ನು ತಿನ್ನುವವರಿದ್ದಾರೆ. ಚಳಿಗಾಲಕ್ಕೆ ಮೇವು ಸಾಲದ ನಾಡಿನಲ್ಲಿ ಹಿಂಡನ್ನು ಮಿತಿಯಲ್ಲಿ ಇಡಲು ಅದು ಒಂದು ದಾರಿಯಾಗಿತ್ತು.

ಜೀವಶಾಸ್ತ್ರದ ಮೇಷ್ಟ್ರು:

ಒಂದು ಆತಂಕವನ್ನು ಹಂಚಿಕೊಳ್ಳುತ್ತೇನೆ. ಈಗ ಆಯ್ಕೆ ಮಾಡುವವರು ಹೆಚ್ಚಾಗಿ ಸ್ಪರ್ಧೆಯ ಅಂಕಗಳನ್ನು ನೋಡುತ್ತಾರೆ. ಎತ್ತರ ಏರುತ್ತಿದೆ, ಮುಂಗಾಲು ಎತ್ತಿ ಹಾಕುವ ಚೆಂದಕ್ಕೆ ಹೆಚ್ಚು ಬೆಲೆ ಬರುತ್ತಿದೆ. ಹೆಸರಾದ ಕೆಲವೇ ಬೀಜದ ಕುದುರೆಗಳ ಸಂತಾನ ಎಲ್ಲ ಕಡೆ ಹರಡಿದರೆ, ಹೊರಗಿನ ರಕ್ತಕ್ಕೆ ಅವಕಾಶವೇ ಇಲ್ಲದ ತಳಿಯಲ್ಲಿ ವೈವಿಧ್ಯ ಕುಗ್ಗುತ್ತದೆ. ಚಳಿ ಮತ್ತು ಹಸಿವು ಮಾಡುತ್ತಿದ್ದ ಆಯ್ಕೆಯೂ ಈಗ ನಿಂತಿದೆ, ಅದು ನಿಂತದ್ದು ಒಳ್ಳೆಯದೇ. ಹಾಗಾದರೆ ಗಟ್ಟಿತನವನ್ನು ಕಾಯುವವರು ಯಾರು?

ಎಲ್ಬೆ ತೀರದ ಕನ್ನಡಿಗ:

ಮೇಷ್ಟ್ರೇ, ಅದಕ್ಕೆ ಇರುವ ಒಂದೇ ಸಾಧನವೆಂದರೆ ವಂಶಾವಳಿಯ ದಾಖಲೆ. 1969ರಲ್ಲಿ ಸ್ಥಾಪನೆಯಾದ ಫೈಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಎಲ್ಲ ದೇಶಗಳೂ ವರ್ಲ್ಡ್‌ಫೆಂಗುರ್ ಎಂಬ ಒಂದೇ ದಾಖಲೆಯನ್ನು ಬಳಸುತ್ತವೆ. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕುದುರೆಗಳ ವಿವರವಿದೆ. ಎರಡು ಕುದುರೆಗಳನ್ನು ಕೂಡಿಸಿದರೆ ಹುಟ್ಟುವ ಮರಿಯಲ್ಲಿ ಸೋದರ ರಕ್ತದ ಪ್ರಮಾಣ ಎಷ್ಟಾಗಬಹುದೆಂದು ಮೊದಲೇ ಲೆಕ್ಕ ಹಾಕಿ ನೋಡಬಹುದು. ಬೆಳೆಸುವವರು ಆ ಸಂಖ್ಯೆಗೂ ಪದಕಗಳಷ್ಟೇ ಬೆಲೆ ಕೊಟ್ಟರೆ ನಿಮ್ಮ ಆತಂಕ ಕಡಿಮೆಯಾದೀತು. ಬಣ್ಣಗಳ ವಿಷಯದಲ್ಲಿ ಅವರು ಇದನ್ನು ಪಾಲಿಸಿದ್ದಾರೆ: ಯಾವ ಬಣ್ಣವನ್ನೂ ಹೊರಗಿಡದೆ ಬಂದದ್ದರಿಂದ ಇಂದಿಗೂ ನಲವತ್ತಕ್ಕೂ ಹೆಚ್ಚು ಬಣ್ಣಗಳು, ನೂರಕ್ಕೂ ಹೆಚ್ಚು ಛಾಯೆಗಳು ಉಳಿದಿವೆ.

ಸವಾರಿ ಕಲಿಯುತ್ತಿರುವವಳು, ಬೆಂಗಳೂರು:

ಮುಂದಿನ ವರ್ಷ ಅಕ್ಕನ ಮನೆಗೆಂದು ಡೆನ್ಮಾರ್ಕಿಗೆ ಹೋಗುವುದಿದೆ. ಅಲ್ಲಿನ ಲಾಯದಲ್ಲಿ ತೋರಿಸುವ ಕುದುರೆ ಐಸ್‌ಲ್ಯಾಂಡಿನಲ್ಲೇ ಹುಟ್ಟಿದ್ದೋ, ಡೆನ್ಮಾರ್ಕಿನಲ್ಲಿ ಹುಟ್ಟಿದ್ದೋ ಎಂದು ನನ್ನಂಥವಳಿಗೆ ತಿಳಿಯುವ ಬಗೆ ಹೇಗೆ?

ಎಲ್ಬೆ ತೀರದ ಕನ್ನಡಿಗ:

ಕುದುರೆಯ ಗುರುತಿನ ಸಂಖ್ಯೆಯನ್ನು ಕೇಳಿ. ಅದರ ಮೊದಲ ಎರಡು ಅಕ್ಷರ ಹುಟ್ಟಿದ ದೇಶವನ್ನು ಹೇಳುತ್ತವೆ: ಐಎಸ್ ಎಂದಿದ್ದರೆ ಐಸ್‌ಲ್ಯಾಂಡ್, ಡಿಕೆ ಎಂದಿದ್ದರೆ ಡೆನ್ಮಾರ್ಕ್. ಮುಂದಿನ ನಾಲ್ಕು ಅಂಕಿಗಳು ಹುಟ್ಟಿದ ವರ್ಷ. ಅದರ ನಂತರದ ಅಂಕಿ 1 ಆಗಿದ್ದರೆ ಗಂಡು, 2 ಆಗಿದ್ದರೆ ಹೆಣ್ಣು. ಐಎಸ್ ಕುದುರೆಯಾಗಿದ್ದು, ನೀವು ಹೋಗುವುದು ಬೇಸಿಗೆಯಲ್ಲಾದರೆ, ಏರುವ ಮುನ್ನ ಅದರ ಜೂಲಿನ ಬುಡವನ್ನೂ ಬಾಲದ ಬುಡವನ್ನೂ ಬೆರಳಿನಿಂದ ಬಿಡಿಸಿ ನೋಡಿ. ಕೂದಲು ಸವೆದು, ಚರ್ಮ ದಪ್ಪವಾಗಿ ಹಕ್ಕಳೆ ಕಟ್ಟಿದ್ದರೆ ಪಶುವೈದ್ಯೆ ಮೇಡಂ ಹೇಳಿದ ತುರಿಕೆ ಅದಕ್ಕಿದೆ ಎಂದರ್ಥ. ಹಾಗಿದ್ದಲ್ಲಿ ಜೀನು ಅಥವಾ ಅದರ ಕೆಳಗಿನ ಬಟ್ಟೆ ಹುಣ್ಣಿನ ಮೇಲೆ ಉಜ್ಜುತ್ತದೆಯೇ ಎಂದು ಲಾಯದವರನ್ನು ಕೇಳಿ, ಅನುಮಾನವಿದ್ದರೆ ಬೇರೆ ಕುದುರೆಯನ್ನು ಕೇಳಿಕೊಳ್ಳಿ. ಟೋಲ್ಟ್ ಕಲಿಯುವುದಕ್ಕೆ ಹತ್ತು ವರ್ಷ ದಾಟಿದ, ಶಾಂತ ಸ್ವಭಾವದ, ನಾಲ್ಕು ಗತಿಯ ಕುದುರೆಯೇ ಹೊಸಬರಿಗೆ ಸುಲಭ. ಐದು ಗತಿಯವು ಬೇಗನೆ ಒಂದೇ ಪಕ್ಕದ ಕಾಲುಗಳ ಓಟಕ್ಕೆ ಜಾರುತ್ತವೆ, ಅದನ್ನು ತಿದ್ದಲು ಪಳಗಿದ ಕೈ ಬೇಕು.